ಹೊಳೆದಂಡೆಗೆ ನಾನು ಕರೆದ ನಾಲ್ಕನೆಯವರು

ಮೊನ್ನೆ ನಮ್ಮ ಮನೆಯ ಹುಡುಗಿಯರು ಸೇರಿ ತಮ್ಮ ಗೆಳತಿಯ ಮದುವೆಗೆ ಮುಂಚಿನ ಪಾರ್ಟಿಯ ಚರ್ಚೆ ನಡೆಸಿದ್ದರು. ಹೋಟೆಲು ಬೇಡ, ಕುಣಿತ ಬೇಡ, ರಾತ್ರಿ ತಿರುಗಾಟವೂ ಬೇಡ, ಬೇರೆ ಏನಾದರೂ ಹೇಳು ಎಂದು ನನ್ನನ್ನು ಕೇಳಿದರು. ನನಗೆ ಸಿಟ್ಟು ಬಂತು. ಅವರ ಮೇಲಲ್ಲ. ಅಂಥದೊಂದು ದಿನವನ್ನು ನಾನೂ ಒಮ್ಮೆ ಗೊತ್ತುಮಾಡಿದ್ದೆ, ಯಾರೂ ಬೆರಳು ತೋರಿಸದಂತೆ ಅಚ್ಚುಕಟ್ಟಾಗಿ. ಅದು ನೆನಪಾದರೆ ಇಂದಿಗೂ ನನಗೆ ಊಟ ಸೇರುವುದಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷದ ಮಾತು. ನಮ್ಮೂರು ವಾಡಿಯ ಹೊಲಿಗೆ ಕ್ಲಾಸಿನಲ್ಲಿ ನಾವು ಮೂವರು ಗೆಳತಿಯರು. ನಾನು ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನವಳು. ಇನ್ನೊಬ್ಬಳು ಬಜಾರಿನಲ್ಲಿ ಶೇರವಾನಿ ಹೊಲಿಯುತ್ತಿದ್ದ ದರ್ಜಿಯ ಮಗಳು. ಮೂರನೆಯವಳ ತಂದೆ ರೈಲ್ವೆಯಲ್ಲಿದ್ದರು. ಅವಳಿಗೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಖಣಿಯಲ್ಲಿ ಮೇಸ್ತ್ರಿಯಾಗಿದ್ದವನ ಜೊತೆ ಮದುವೆ ಗೊತ್ತಾಯಿತು. ಮದುಮಗಳನ್ನು ಬಳಗದವರು ಕರೆದು, ಊಟ ಹಾಕಿ, ಉಡಿ ತುಂಬಿ ಕಳಿಸುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅಲ್ಲಿ ಹಿರಿಯರು ಸಾಲಾಗಿ ಕೂತಿರುತ್ತಾರೆ, ಹುಡುಗಿ ತಲೆ ತಗ್ಗಿಸಿ ಹೋಳಿಗೆ ನುಂಗಬೇಕು. ಒಂದು ದಿನ ಕ್ಲಾಸು ಮುಗಿದ ಮೇಲೆ ಅವಳು ನನ್ನನ್ನು ತಡೆದು ನಿಲ್ಲಿಸಿದಳು.

“ಲಗ್ನದಕಿಂತ ಮೊದಲ ಒಂದಿನ ನಾವ್ ಮೂವರೇ ಎಲ್ಲಾರ ಹೋಗಮು. ನಿನಗ ಒಂದು ಮಾತು ಹೇಳೋದದ. ಮನ್ಯಾಗ ಹೇಳಲಿಕ್ಕಿ ಆಗಲ್ಲ.”

ಆ ಮಾತು ಏನೆಂದು ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಅವಳಿಗೆ ಮೂರ್ಛೆ ಬೇನೆಯಿತ್ತು. ವರ್ಷದಲ್ಲಿ ಎರಡೋ ಮೂರೋ ಸಲ ಕೈಕಾಲು ಸೆಟೆದು ಬೀಳುತ್ತಿದ್ದಳು. ಆ ದಿನಗಳಲ್ಲಿ ಅವಳು ಕ್ಲಾಸಿಗೆ ಬರದಿದ್ದರೆ ಪಿತ್ತ ಎಂದು ಅವಳ ತಾಯಿ ಹೇಳಿ ಕಳಿಸುತ್ತಿದ್ದರು. ಗಂಡಿನ ಕಡೆಯವರಿಗೆ ಇದನ್ನು ತಿಳಿಸಿರಲಿಲ್ಲ. ತಾಳಿ ಬೀಳುವ ಮುಂಚೆ ಅವರಿಗೆ ತಿಳಿಯಬೇಕು ಎಂಬುದು ಅವಳ ಹಟ, ತಂದೆಯ ಮುಂದೆ ಬಾಯಿ ಬಿಡುವ ಧೈರ್ಯ ಮಾತ್ರ ಇಲ್ಲ. ನನಗೆ ಆಗ ಇದೊಂದೂ ಗೊತ್ತಿರಲಿಲ್ಲ. ಮದುವೆ ಹುಡುಗಿಯರಿಗೆಲ್ಲ ಇಂಥ ಒಂದು ಮಾತು ಇರುತ್ತದೆ, ಹೊಳೆದಂಡೆಯಲ್ಲಿ ಕೂತು ಅತ್ತುಕೊಂಡರೆ ಹಗುರಾಗುತ್ತಾಳೆ ಎಂದುಕೊಂಡೆ. ನನ್ನ ತಲೆಯಲ್ಲಿ ಆಗಲೇ ಬುತ್ತಿಯ ಯೋಚನೆ ಓಡುತ್ತಿತ್ತು.

ಸನ್ನತಿಗೆ ಹೋಗುವುದೆಂದು ನಾನೇ ತೀರ್ಮಾನಿಸಿದೆ. ನಾಲವಾರದವರೆಗೆ ಪ್ಯಾಸೆಂಜರು ರೈಲು, ಮುಂದೆ ಬಸ್ಸು. ದೇವಿಯ ದರ್ಶನ ಎಂದರೆ ಮನೆಯವರು ಒಪ್ಪುತ್ತಾರೆ, ದರ್ಶನ ಮುಗಿದ ಮೇಲೆ ಭೀಮೆಯ ದಂಡೆ ನಮ್ಮದೇ. ಅವಳ ತಂದೆ ಒಪ್ಪಲಿಲ್ಲ. ಮದುವೆ ಗೊತ್ತಾದ ಹುಡುಗಿ ಊರು ಬಿಟ್ಟು ಹೋಗಬಾರದು, ಬೀಗರು ಏನಂದಾರು ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಯಾರಾದರೂ ಬೇಡ ಎಂದರೆ ನನಗೆ ಮೈಮೇಲೆ ಬಂದಂತಾಗುತ್ತದೆ, ಇದು ಹುಟ್ಟುಗುಣ. ಬೀಗರ ಭಯವಾದರೆ ಬೀಗರನ್ನೇ ಕರೆದರಾಯಿತು ಎಂದು, ಯಾರನ್ನೂ ಕೇಳದೆ ಗಂಡಿನ ಅಕ್ಕನಿಗೆ ಕಾರ್ಡು ಬರೆದೆ. ಗಂಡಿಗೆ ತಾಯಿ ಇರಲಿಲ್ಲ. ಶಹಾಬಾದಿನಲ್ಲೇ ಮದುವೆಯಾಗಿದ್ದ ಈ ಅಕ್ಕನ ಮಾತೇ ಆ ಮನೆಯಲ್ಲಿ ಆಖೈರು. ಬರುತ್ತೇನೆ ಎಂದು ಅವರಿಂದ ಉತ್ತರ ಬಂತು. ಆ ಕಾರ್ಡನ್ನು ಗೆಳತಿಯ ತಂದೆಯ ಕೈಗೆ ಕೊಟ್ಟೆ. ಓದಿದರು, ಒಪ್ಪಿದರು.

ಗೆಳತಿ ಕುಣಿದಾಡುತ್ತಾಳೆಂದು ಅವಳಿಗೆ ಹೇಳಲು ಓಡಿದೆ. ಅವಳ ಮುಖದ ಬಣ್ಣವೇ ಹೋಯಿತು.

“ಅವರನ್ನ ಯಾಕ ಕರದಿ?” ಎಂದಳು.

ಕರೆಯದಿದ್ದರೆ ನೀನು ಇಲ್ಲೇ ಅಂಗಿಗೆ ಗುಂಡಿ ಹಚ್ಚುತ್ತ ಕೂಡಬೇಕಿತ್ತು ಎಂದು ನಾನು ರೇಗಿದೆ. ಅವಳು ಮುಖ ತಿರುಗಿಸಿ ಒಳಗೆ ಹೋದಳು. ಉಪಕಾರ ಮಾಡಿದವಳ ಮೇಲೆ ಇದೇನು ಮುನಿಸು ಎಂದು ಎರಡು ದಿನ ನಾನೇ ಮುಖ ದಪ್ಪ ಮಾಡಿಕೊಂಡಿದ್ದೆ.

ಮುಂದಿನ ಭಾನುವಾರ ಎಲ್ಲವೂ ನಾನು ಅಂದುಕೊಂಡಂತೆಯೇ ನಡೆಯಿತು. ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಮೊಸರು ನನ್ನವು. ದರ್ಜಿಯ ಮಗಳು ಸಿಹಿ ಸೇವಿಗೆ ತಂದಿದ್ದಳು. ಅಕ್ಕ ಬುಟ್ಟಿ ತುಂಬ ಶೇಂಗಾ ಹೋಳಿಗೆ ಹೊತ್ತು ತಂದಿದ್ದರು. ಅವರು ಕೆಟ್ಟವರಾಗಿದ್ದರೆ ನನ್ನ ಪಾಲಿಗೆ ಒಳ್ಳೆಯದಿತ್ತು, ಯಾರನ್ನಾದರೂ ಬಯ್ಯಬಹುದಿತ್ತು. ನಗುಮುಖದ, ದೊಡ್ಡ ದನಿಯ ಹೆಂಗಸು. ಗುಡಿಯಲ್ಲಿ ಕೈಮುಗಿದು ಬಂದವರೇ ಸೀರೆ ಮೇಲೆತ್ತಿ ಕಟ್ಟಿ ಹೊಳೆಗಿಳಿದು ನಮಗೆಲ್ಲ ನೀರೆರಚಿದರು. ಮದುಮಗಳು ಮಾತ್ರ ದೂರ, ಒಂದು ಕಲ್ಲಿನ ಮೇಲೆ ಕೂತಿದ್ದಳು. ನೀರಿನಲ್ಲಿ ಬೇನೆ ಬಂದರೆ ಪ್ರಾಣವೇ ಹೋದೀತು, ದಂಡೆಯಲ್ಲಿ ಬಂದರೆ ಅಕ್ಕನ ಕಣ್ಣೆದುರೇ ಎಲ್ಲ ಬಯಲಾದೀತು. ಇಡೀ ದಿನ ಅವಳು ಈ ಎರಡು ಭಯಗಳ ನಡುವೆ ಕೂತಿದ್ದಳು. ನಾನು ಹೋಗಿ, ರಾಣಿಯ ಹಾಗೆ ಕೂಡಬೇಡ ಎಂದು ಅವಳ ಮುಂಗೈ ಹಿಡಿದು ಮೊಣಕಾಲು ನೀರಿನವರೆಗೆ ಎಳೆದುಕೊಂಡು ಹೋದೆ. ಅವಳು ಹಿಂದಕ್ಕೆ ಜಗ್ಗುತ್ತಿದ್ದಳು. ನಾನು ನಗುತ್ತಲೇ ಇದ್ದೆ. ಅಕ್ಕನೇ ನನ್ನ ಕೈ ಬಿಡಿಸಿ ಅವಳನ್ನು ದಂಡೆಗೆ ಕರೆದೊಯ್ದರು, ತಮ್ಮ ಸೆರಗಿನಿಂದ ಅವಳ ಪಾದ ಒರೆಸಿದರು.

ಸಂಜೆ ನಾಲವಾರ ಸ್ಟೇಶನ್ನಿನಲ್ಲಿ ಅಕ್ಕ ಮತ್ತು ದರ್ಜಿಯ ಮಗಳು ನೀರು ತರಲು ನಲ್ಲಿಯ ಕಡೆ ಹೋದರು. ಅವಳು ತಟ್ಟನೆ ನನ್ನ ಪಕ್ಕಕ್ಕೆ ಬಂದು ಕೂತು, ಆ ಮಾತು ಹೇಳಬೇಕಿತ್ತು ಎಂದಳು. ನಾನು ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಿದ್ದೆ, ಒಂದರ ಮುಚ್ಚಳ ಸಿಗುತ್ತಿರಲಿಲ್ಲ. ಊರಿಗೆ ಹೋಗಿ ಮಾತಾಡೋಣ, ಗಾಡಿ ಬರುವ ಹೊತ್ತಾಯಿತು ಎಂದೆ. ಗಾಡಿ ಬಂದದ್ದು ಅರ್ಧ ತಾಸಿನ ಮೇಲೆ. ಅಷ್ಟರಲ್ಲಿ ಅಕ್ಕ ಬಂದು ನಮ್ಮಿಬ್ಬರ ನಡುವೆ ಕೂತಿದ್ದರು.

ಆಮೇಲೆ ಅವಳ ಮನೆ ಬಳಗದಿಂದ ತುಂಬಿಹೋಯಿತು, ಅವಳು ಒಬ್ಬಳೇ ಸಿಗಲಿಲ್ಲ. ಹೇಳಲೇಬೇಕಿದ್ದರೆ ಹೇಗಾದರೂ ಹೇಳಬಹುದಿತ್ತಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಲು ನೋಡಿದ್ದೇನೆ. ಎರಡು ಸಲ ಬಾಯಿ ತೆರೆದು ಎರಡು ಸಲವೂ ಬಾಯಿ ಮುಚ್ಚಿಸಿಕೊಂಡವಳು ಮೂರನೆಯ ಸಲ ಯಾಕೆ ತೆರೆದಾಳು?

ಮದುವೆಯಾಗಿ ತಿಂಗಳೊಳಗೆ, ನೆಂಟರು ಉಣ್ಣಲು ಕೂತಿದ್ದಾಗ, ಅವಳು ಬಡಿಸುತ್ತಲೇ ಬಿದ್ದಳು. ಗಂಡಿನ ಕಡೆಯ ಹಿರಿಯರು ಸೇರಿ, ಮೋಸವಾಯಿತು ಎಂದು ಹೇಳಿ, ಅವಳನ್ನು ತವರಿಗೆ ಕಳಿಸಿಬಿಟ್ಟರು. ಅವಳ ಸಾಮಾನು ಮುಟ್ಟಿಸಲು ವಾಡಿಗೆ ಬಂದ ಅಕ್ಕ ನಮ್ಮ ಮನೆಗೂ ಬಂದರು. ಕುಂದ್ರಿ ಎಂದರೂ ಕೂಡಲಿಲ್ಲ.

“ನಿನಗ ಗೊತ್ತಿತ್ತೇನ್ ತಂಗಿ?” ಎಂದು ಕೇಳಿದರು.

ಇಲ್ಲ ಎಂದೆ. ಅದು ನಿಜ. ಆ ನಿಜವನ್ನು ನಾನೇ ಕಷ್ಟಪಟ್ಟು ಸಂಪಾದಿಸಿದ್ದೆ.

“ಅವತ್ತ ಹೊಳಿ ದಂಡ್ಯಾಗ ಒಂದ್ ಮಾತು ನನ್ನ ಕಿವಿಗಿ ಹಾಕಿದ್ರ ಸಾಕಿತ್ತು,” ಎಂದರು. “ತಮ್ಮಗ ನಾ ಒಪ್ಪಸ್ತಿದ್ದೆ. ಬ್ಯಾನಿ ಯಾರಿಗಿ ಇಲ್ಲ? ಈಗ ಮಂದಿ ಮುಂದ ಮಾನ ಹೋಗ್ಯಾದ, ನನ್ ಮಾತು ಯಾರೂ ಕೇಳವಲ್ರು.”

ಆ ವಾರವೇ ಗೆಳತಿಯ ಮನೆಗೆ ಹೋದೆ. ಕಿಟಕಿಯ ಹತ್ತಿರ ಯಾರದೋ ಕುಪ್ಪಸಕ್ಕೆ ಕೈಹೊಲಿಗೆ ಹಾಕುತ್ತ ಕೂತಿದ್ದಳು. ನನ್ನದು ತಪ್ಪಾಯಿತು ಎಂದೆ. ಅವಳು ತಲೆ ಎತ್ತಲಿಲ್ಲ.

“ನಿನ್ನ ಬಾಯಿಲೆ ಅಕ್ಕಾರಿಗಿ ಹೇಳಸಬೇಕಂತ ಮಾಡಿದ್ದೆ,” ಎಂದಳು. “ನಾ ನಿನಗ ಹೇಳೋದಕಿಂತ ಮೊದಲ ನೀ ಅವರನ್ನೇ ಕರಕೊಂಡು ಬಂದಿ. ಹೋಗಲಿ ಬಿಡು. ಹೇಳಿದ್ರೂ ಅವರು ಈ ಸಂಬಂಧ ಬ್ಯಾಡ ಅಂತಿದ್ರು. ಹೌದಿಲ್ಲೋ?”

ಅವಳು ಸೂಜಿ ನಿಲ್ಲಿಸಿ ನನ್ನ ಉತ್ತರಕ್ಕೆ ಕಾದಳು.

“ಹೌದು,” ಎಂದೆ. “ಬ್ಯಾಡ ಅಂತಿದ್ರು.”

ಅವಳು ತಲೆಯಾಡಿಸಿ ಮತ್ತೆ ಹೊಲಿಯತೊಡಗಿದಳು.