ಗುತ್ಯತ್ತೆ ಬೊಂಬಾಯಿ ನೋಡಿದ್ದು

ಗುತ್ಯತ್ತೆ ಯಾರ ಮನೆಗೆ ಹೋದರೂ ಮುಂಬಾಗಿಲಲ್ಲಿ ಚಪ್ಪಲಿ ಕಳಚಿ ಸೀದಾ ಹಿತ್ತಲಿಗೆ ನಡೆಯುತ್ತಿದ್ದಳು. "ಬನ್ನಿ, ಕೂತ್ಕಳಿ" ಎಂದು ಚಾಪೆ ಹಾಸಲು ಬಂದವರು ಚಾಪೆ ಹಿಡಿದುಕೊಂಡೇ ಅವಳ ಹಿಂದೆ ಓಡಬೇಕು. ಬಾವಿ, ಬಚ್ಚಲು, ಕೊಟ್ಟಿಗೆ ಎಲ್ಲವನ್ನೂ ನೋಡಿ, ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರ ಹತ್ತಿರ ನಾಲ್ಕು ಮಾತಾಡಿ, ಆಮೇಲೇ ಜಗಲಿಗೆ ಬಂದು ಕೂರುವುದು. ಹೊಸಬರಿಗೆ ಇದು ಅಧಿಕಪ್ರಸಂಗತನವಾಗಿ ಕಾಣುತ್ತಿತ್ತು. ಅದು ಅಧಿಕಪ್ರಸಂಗತನವೇ. ಅದಕ್ಕೆ ಅವಳು ನಾಚಿಕೆಪಟ್ಟಿದ್ದನ್ನು ಮಾತ್ರ ನಾನು ನೋಡಿಲ್ಲ.

ಅವಳು ನನ್ನ ಅಪ್ಪನ ಅಕ್ಕ. ಹೆಸರು ಗುತ್ಯಮ್ಮ. ಎತ್ತರದ ಆಳು, ಗುಡ್ಡದಾಚೆಗೂ ಕೇಳಿಸುವ ದನಿ. ಶರಾವತಿ ಕಣಿವೆಯ ಒಂದು ಊರಿಗೆ ಅವಳನ್ನು ಕೊಟ್ಟಿದ್ದರು. ಲಿಂಗನಮಕ್ಕಿಯ ಕಟ್ಟೆ ಎದ್ದಾಗ ಆ ಊರು ನೀರಿನಡಿ ಹೋಯಿತು. ಬದಲಿ ಜಮೀನು ಆರಿಸಿಕೊಳ್ಳಲು ಊರಿನ ಗಂಡಸರು ಕಚೇರಿಗೆ ಹೋಗಿ, ಮೇಜಿನ ಮೇಲೆ ಹಾಸಿದ್ದ ನಕ್ಷೆಯಲ್ಲಿ ಬೆರಳಿಟ್ಟು ಬಂದರು. ಅವಳ ಗಂಡನ ಮನೆಯವರ ಬೆರಳು ಬಿದ್ದದ್ದು ಹೊಸನಗರದ ಕಡೆಯ ಒಂದು ಗುಡ್ಡದ ಮೇಲೆ. ಲಾರಿಯಿಂದ ಸಾಮಾನು ಇಳಿಸಿದ ಮೇಲೆ ಗೊತ್ತಾಯಿತು, ಎಲ್ಲಿ ಅಗೆದರೂ ಬರೀ ಜಂಬಿಟ್ಟಿಗೆ ಕಲ್ಲು, ನೀರಿನ ಪಸೆಯಿಲ್ಲ. ಕೆಳಗಿನ ಹಳ್ಳದಿಂದ ಕೊಡ ಹೊತ್ತು ಆ ಗುಡ್ಡ ಹತ್ತಿದವರು ಅವಳು ಮತ್ತು ಅವಳ ಓರಗಿತ್ತಿಯರು.

"ಗಂಡಸ್ರು ಎಲ್ಲಾ ಕೇಳಿದ್ರು. ಎಷ್ಟು ಎಕ್ರೆ, ಪಟ್ಟೆ ಯಾವಾಗ, ಎಲ್ಲಾ. ನೀರೆಲ್ಲಿ ಅಂತ ಒಬ್ಬನೂ ಕೇಳ್ಲಿಲ್ಲ. ನಮ್ಮನ್ನಂತೂ ನಾಯಿನ ಕೇಳ್ದಂಗೂ ಕೇಳ್ಲಿಲ್ಲ" ಎನ್ನುತ್ತಿದ್ದಳು. ಅಳುತ್ತಾ ಅಲ್ಲ, ಸಿಟ್ಟಿನಲ್ಲಿ, ಮೊನ್ನೆ ಮೊನ್ನೆ ಆದದ್ದನ್ನು ಹೇಳುವ ಹಾಗೆ. ಗಂಡ ತೀರಿಕೊಂಡ ಮೇಲೂ ಈ ತಪ್ಪನ್ನು ಅವಳು ಮಾಫಿ ಮಾಡಲಿಲ್ಲ.

ಅಂದಿನಿಂದ ನಮ್ಮ ಮನೆತನದಲ್ಲಿ ಏನೇ ಆರಿಸುವುದಿದ್ದರೂ ಅತ್ತೆ ಕಣ್ಣಾರೆ ನೋಡಬೇಕು ಎಂದಾಯಿತು. ಅಪ್ಪನ ತಂಗಿಗೆ ತೀರ್ಥಹಳ್ಳಿಯ ಕಡೆಯ ದೊಡ್ಡ ಮನೆಯೊಂದರಿಂದ ಸಂಬಂಧ ಬಂತು. ಮನೆ ನೋಡುವ ಶಾಸ್ತ್ರಕ್ಕೆ ಹೋದಾಗ ಎಲ್ಲರೂ ಜಗಲಿಯ ಕೆತ್ತನೆ ಕಂಬ ನೋಡುತ್ತಾ ಪಾನಕ ಕುಡಿಯುತ್ತಿದ್ದರೆ, ಅತ್ತೆ ಹಿತ್ತಲಿಂದ ಬಂದವಳೇ ನಿಂತುಕೊಂಡೇ ಹೇಳಿದಳು: "ಮುಂಬಾಗ್ಲಿಗೆ ಹಿತ್ತಾಳೆ ಹೂವು ಹೊಡ್ಸಿದೀರಿ. ಸೊಸೇರು ನೀರು ಸೇದೋ ಬಾವಿಗೆ ಒಂದು ರಾಟೆ ಇಲ್ಲ. ನಮ್ ಹುಡ್ಗಿ ಬರಲ್ಲ." ಅಲ್ಲಿಗೆ ಆ ಸಂಬಂಧ ಮುಗಿಯಿತು. ಆಮೇಲೆ ರಾಟೆ ಇದ್ದ ಮನೆಗೇ ಹುಡುಕಿ ಕೊಟ್ಟರು. ಆ ಬಾವಿ ಫಾಲ್ಗುಣದಲ್ಲೇ ಬತ್ತುತ್ತಿತ್ತು. ತಂಗಿ ತವರಿಗೆ ಬಂದಾಗೆಲ್ಲ ಆಡಿಕೊಂಡರೆ ಅತ್ತೆಯದು ಒಂದೇ ಉತ್ತರ: "ರಾಟೆ ನೋಡ್ದೆ, ಬಗ್ಗಿ ನೋಡ್ಲಿಲ್ಲ. ಇನ್ಮೇಲೆ ಬಗ್ಗಿನೂ ನೋಡ್ತೀನಿ."

ಅಪ್ಪ ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತನಾಗಿದ್ದ. ಎಪ್ಪತ್ತರ ದಶಕದ ನಡುವೆ, ನಾನು ಏಳನೇ ಕ್ಲಾಸು ಪಾಸಾದ ಬೇಸಿಗೆಯಲ್ಲಿ, ಸಾಹುಕಾರರು ಬೊಂಬಾಯಿಯ ಅಂಗಡಿ ನೋಡಿಕೊಳ್ಳಲು ಅವನನ್ನೇ ಸಂಸಾರ ಸಮೇತ ಹೋಗು ಎಂದರು. ಮನೆಯನ್ನು ಅವರೇ ಗೊತ್ತುಮಾಡಿದ್ದರು. ಶಾಲೆಯನ್ನೂ ಅವರೇ ಹೇಳಿದ್ದರು, ಅವರ ಸಂಬಂಧಿಕರ ಮಕ್ಕಳು ಓದುವ ಇಂಗ್ಲಿಷ್ ಶಾಲೆ. ಅಪ್ಪನಿಗೆ ಸ್ವರ್ಗ ಮೂರೇ ಗೇಣು. ಸುದ್ದಿ ತಿಳಿದ ಮರುದಿನವೇ ಹೊಸನಗರದ ಬಸ್ಸಿಳಿದು ಅತ್ತೆ ಬಂದಳು.

"ತಿಮ್ಮಪ್ಪ, ಮನೆ ನೋಡಿದ್ಯಾ?"

"ಸಾವ್ಕಾರ್ರು ನೋಡಿದಾರೆ ಅಕ್ಕ."

"ಶಾಲೆ?"

"ಅದೂ ಅವರೇ."

"ಹಂಗಾದ್ರೆ ಸಂಸಾರನೂ ಅವರೇ ಮಾಡ್ಲಿ. ಹೆಣ್ಣು ಕೊಡ್ಬೇಕಾರೆ ಮನೆ ನೋಡ್ತೀವಿ. ಎರಡು ಮಕ್ಳನ್ನೇ ಒಂದು ಊರಿಗೆ ಕೊಡ್ತಾ ಇದೀಯ, ನೋಡೋದು ಬ್ಯಾಡ್ವಾ? ನಾ ಬರ್ತೀನಿ. ಸರೋಜಿನೂ ಬರ್ತಾಳೆ" ಎಂದು ನನ್ನ ಕಡೆ ಕೈ ತೋರಿಸಿದಳು.

ಅಪ್ಪ ಸಿಟ್ಟಿನಿಂದ ಕುಣಿದಾಡಿದ. ಅಮ್ಮ ಮಾತ್ರ ಅಡುಗೆಮನೆಯಿಂದ ಮೆಲ್ಲಗೆ, "ಅತ್ತಿಗೆ, ನಲ್ಲಿ ಮನೆ ಒಳಗೇ ಇದ್ಯಾ ಅಂತ ಒಂಚೂರು ನೋಡ್ಕಂಡ್ ಬಾ" ಎಂದಳು. ಅಲ್ಲಿಗೆ ಪ್ರಯಾಣ ನಿಶ್ಚಯವಾಯಿತು.

ಹೊರಡುವ ಮೊದಲು ಅತ್ತೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾದು ನಿಲ್ಲುತ್ತಿದ್ದಳು. ಬೊಂಬಾಯಿಯ ಹೋಟೆಲುಗಳಿಂದ ಊರಿಗೆ ಬರುವವರು ಅದರಲ್ಲೇ ಇಳಿಯುತ್ತಿದ್ದರು. ಟ್ರಂಕು ಇಳಿಸುವ ಮೊದಲೇ ಅವಳ ಪ್ರಶ್ನೆ: "ನಿಮ್ ಬೀದೀಲಿ ಜಗಳ ಆದ್ರೆ ಯಾರು ಬಿಡಿಸ್ತಾರೆ?" ಬಾಡಿಗೆ ಎಷ್ಟು, ನೀರು ಎಷ್ಟೊತ್ತು ಎಂದು ಕೇಳಿದರೆ ಉತ್ತರ ಹೇಳುತ್ತಿದ್ದರೇನೋ. ಇದನ್ನು ಕೇಳಿ ಪಾಪ ಆ ಜನ ಟ್ರಂಕು ಎತ್ತಿಕೊಂಡು ಸರಸರ ಜಾಗ ಬಿಡುತ್ತಿದ್ದರು. ಒಬ್ಬ ಮಾತ್ರ, "ಯಾರೂ ಬಿಡ್ಸಲ್ಲ ಅಮ್ಮ, ಕಿಟಕಿ ಹಾಕ್ಕಂತಾರೆ" ಎಂದ. ಅವನ ಬೀದಿಯ ಹೆಸರು ಕೇಳಿ ತಿಳಿದುಕೊಂಡು, "ಆ ಬೀದಿ ಬ್ಯಾಡ" ಎಂದು ಅಪ್ಪನಿಗೆ ಹೇಳಿಬಿಟ್ಟಳು.

ಮೀರಜಿನಲ್ಲಿ ಗಾಡಿ ಬದಲಿಸಿ ಹೋದೆವು. ಬೊಂಬಾಯಿ ಹತ್ತಿರವಾಗುತ್ತಿದ್ದಂತೆ ಕಿಟಕಿಯಾಚೆ ಅಗಲವಾದ ನೀರು ಕಂಡಿತು. ಈ ಊರು ಒಂದು ದ್ವೀಪ, ಬಿಡಿ ಬಿಡಿ ದ್ವೀಪಗಳ ನಡುವಿನ ನೀರಿಗೆ ಮಣ್ಣು ತುಂಬಿ ಕಟ್ಟಿದ್ದು ಎಂದು ಅಪ್ಪ ವಿವರಿಸಿದ. ಅತ್ತೆ ನೀರನ್ನೇ ನೋಡುತ್ತಾ, "ಇಲ್ಲಿ ನೀರು ತೆಗ್ದು ಊರು ಮಾಡಿದ್ರಾ? ನಮ್ಮಲ್ಲಿ ಊರು ತೆಗ್ದು ನೀರು ಮಾಡಿದ್ರು" ಎಂದಳು.

ಸಾಹುಕಾರರು ಗೊತ್ತುಮಾಡಿದ್ದ ಮನೆ ದ್ವೀಪದಿಂದ ಆಚೆ, ಹೊಸದಾಗಿ ಬೆಳೆಯುತ್ತಿದ್ದ ಬಡಾವಣೆಯಲ್ಲಿತ್ತು. ಎರಡು ರೂಮು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ನಲ್ಲಿ ಒಳಗೇ. ನನಗೆ ಅರಮನೆಯಂತೆ ಕಂಡಿತು. ಅತ್ತೆ ಹಿತ್ತಲು ಹುಡುಕಿದಳು, ಸಿಗಲಿಲ್ಲ. ಆಗ ಮುಚ್ಚಿದ ಬಾಗಿಲುಗಳ ಸಾಲಿನ ನಡುವೆ ನಿಂತು ಇದ್ದಕ್ಕಿದ್ದಂತೆ ಅಪ್ಪನನ್ನು ಬೈಯತೊಡಗಿದಳು. "ಎಂಥ ಗಂಡಸೋ ನೀನು! ಅಕ್ಕನ್ನ ಹಿಂಗೆ ನಡೆಸ್ಕಳದಾ! ಅಯ್ಯೋ, ಹೊಡೀತಾನೆ ನೋಡಿ!" ಅಪ್ಪ ಬೆಪ್ಪಾಗಿ ನಿಂತಿದ್ದ. ನಾನು ಅಳುವುದೊಂದು ಬಾಕಿ. ಒಂದು ಬಾಗಿಲೂ ತೆರೆಯಲಿಲ್ಲ. ಒಂದು ಬಾಗಿಲಿನ ಹಿಂದೆ ಮಾತ್ರ ರೇಡಿಯೋದ ಸದ್ದು ಜೋರಾಯಿತು. ಅತ್ತೆ ಸೆರಗು ಸರಿಮಾಡಿಕೊಂಡು ತಣ್ಣಗೆ, "ನೋಡಿದ್ಯಾ? ನಿನ್ ಹೆಂಡ್ತಿ ಇಲ್ಲಿ ಸತ್ರೂ ಯಾರೂ ಬರಲ್ಲ. ನಡಿ" ಎಂದಳು.

ಮರುದಿನ ಇಂಗ್ಲಿಷ್ ಶಾಲೆ. ದೊಡ್ಡ ಮೇಡಂ ಹಿಂದಿಯಲ್ಲಿ ಮಾತಾಡಿದರು. ನನ್ನ ತಮ್ಮ ಇನ್ನೂ ಚಿಕ್ಕವನು, ತೊಂದರೆಯಿಲ್ಲ. ಆದರೆ ಹುಡುಗಿ ಕನ್ನಡದಲ್ಲಿ ಏಳನೆಯದು ಓದಿದ್ದಾಳೆ, ಇಲ್ಲಿ ನಾಲ್ಕನೆಯದರಲ್ಲಿ ಕೂರಬೇಕಾಗುತ್ತದೆ ಎಂದರು. ಅಪ್ಪ ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ. ಸಾಗರದಲ್ಲಿ ನಾನು ಕ್ಲಾಸಿಗೇ ಎತ್ತರದವಳು.

"ಎಂತ ಅಂತಾರೆ?" ಅತ್ತೆ ಕೇಳಿದಳು. ಅಪ್ಪ ಅಡ್ಡಾದಿಡ್ಡಿಯಾಗಿ ಹೇಳಿದ. ಅತ್ತೆ ಆ ನಾಲ್ಕನೇ ಕ್ಲಾಸು ತೋರಿಸಿ ಎಂದಳು. ಮೇಡಂ ಒಳ್ಳೆಯವರು, ಕರೆದುಕೊಂಡು ಹೋದರು. ರಜೆಯಾದ್ದರಿಂದ ರೂಮು ಖಾಲಿ. "ಕೂತ್ ನೋಡು ಸರೋಜಿ" ಎಂದಳು. ಕೂತೆ. ಮೊಣಕಾಲು ಡೆಸ್ಕಿನಡಿ ಹಿಡಿಯಲಿಲ್ಲ, ಅಡ್ಡ ತಿರುಗಿ ಕಾಲು ಹೊರಗೆ ಚಾಚಬೇಕಾಯಿತು.

"ಇವಳು ಏಳು ವರ್ಷ ಕಲ್ತಿದ್ದು ಎಲ್ಲಿ ಹೋತು ಅಂತ ಕೇಳು ತಿಮ್ಮಪ್ಪ."

"ಹಂಗೆಲ್ಲ ಕೇಳಕ್ ಆಗಲ್ಲ ಅಕ್ಕ. ಇಂಗ್ಲಿಷ್ ಬಂದ್ಮೇಲೆ ಅದೆಲ್ಲ ಬೇಕಾಗಲ್ಲ."

"ಬೇಕಾಗಲ್ವಾ? ನಮ್ ಗದ್ದೆ ಮುಳುಗಿಸ್ದಾಗ ಪರಿಹಾರ ಅಂತನಾದ್ರೂ ಒಂದು ಕೊಟ್ರು. ಇವಳಿಗೆ ಎಂತ ಕೊಡ್ತಾರಂತೆ?"

ಅಪ್ಪ ಅದನ್ನು ಹಿಂದಿಗೆ ತಿರುಗಿಸಲಿಲ್ಲ. ಮೇಡಂ ಅತ್ತೆಯ ಮುಖ ನೋಡಿಯೇ ಏನೋ ಅರ್ಥಮಾಡಿಕೊಂಡಂತೆ ಕಂಡರು.

ಊಟಕ್ಕೆ ಹೋದ ಹೋಟೆಲಿನ ಗಲ್ಲಾದ ಮೇಲೆ ಕುಂದಾಪುರದ ಕಡೆಯವರು ಕೂತಿದ್ದರು. ಮಾಟುಂಗದ ಆಚೆ ಒಂದು ಕನ್ನಡ ಶಾಲೆ ಇದೆ, ಮೆಟ್ರಿಕ್ಕಿನವರೆಗೂ ಕನ್ನಡದಲ್ಲೇ ಓದಬಹುದು, ಇವಳನ್ನು ಎಂಟನೆಯದಕ್ಕೇ ತೆಗೆದುಕೊಳ್ಳುತ್ತಾರೆ ಎಂದು ಅವರೇ ಹೇಳಿದ್ದು. ಅಪ್ಪ ಕೇಳಿಸದವನಂತೆ ಅನ್ನ ಕಲಸುತ್ತಿದ್ದ. ಅತ್ತೆ ಎಲೆಯಿಂದ ಎದ್ದವಳೇ ದಾರಿ ಹಿಡಿದಳು. ಹಳೆಯ ಕಟ್ಟಡ, ಮೆಟ್ಟಿಲು ಸವೆದಿದ್ದವು. ಮೇಷ್ಟರೊಬ್ಬರು ನನ್ನ ಕೈಯಲ್ಲಿ ಒಂದು ಪುಟ ಓದಿಸಿ, ಎರಡು ಲೆಕ್ಕ ಮಾಡಿಸಿ, "ಎಂಟನೇ ಕ್ಲಾಸು, ಜೂನಿಗೆ ಬಾ" ಎಂದರು.

ಹತ್ತಿರವೇ ಸಾಲು ಬಾಡಿಗೆ ಕೋಣೆಗಳ ಒಂದು ಚಾಳಿನಲ್ಲಿ ಖೋಲಿ ಖಾಲಿಯಿತ್ತು. ಒಂದೇ ಕೋಣೆ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ, ನಲ್ಲಿ ಅದರ ಕೊನೆಯಲ್ಲಿ. ಅತ್ತೆ ಗ್ಯಾಲರಿಯಲ್ಲಿ ನಿಂತು ಮತ್ತೆ ಅಪ್ಪನನ್ನು ಬೈಯಲು ಶುರುಮಾಡಿದಳು. ಈ ಸಲ ಅಪ್ಪನಿಗೆ ನಿಜವಾಗಿಯೇ ಸಿಟ್ಟು ಬಂತು. "ಮರ್ಯಾದೆ ತೆಗೀಬ್ಯಾಡ ಅಕ್ಕ! ಎರಡು ರೂಮು ಬಿಟ್ಟು ಈ ಗೂಡಿಗೆ ಬರ್ಬೇಕಾ? ಸಾವ್ಕಾರ್ರಿಗೆ ಎಂತ ಹೇಳ್ಲಿ?" ಎಂದು ಅವನೂ ಕೂಗಿದ. ನೋಡನೋಡುತ್ತಿದ್ದಂತೆ ಗ್ಯಾಲರಿ ತುಂಬಿತು. ಹಿಟ್ಟಿನ ಕೈಯಲ್ಲೇ ಬಂದ ಮರಾಠಿ ಅಜ್ಜಿಯೊಬ್ಬಳು ಅಪ್ಪನ ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿ, ಅತ್ತೆಯ ಕಡೆ ತಿರುಗಿ ತನ್ನ ಭಾಷೆಯಲ್ಲಿ ಚೆನ್ನಾಗಿ ಉಗಿದಳು. ನನ್ನ ಕೈಗೆ ಯಾರೋ ನೀರಿನ ಲೋಟ ಕೊಟ್ಟರು. ಬೈಸಿಕೊಂಡ ಅತ್ತೆಯ ಮುಖ ಅರಳಿಬಿಟ್ಟಿತ್ತು.

"ಇಲ್ಲಿ ಇರ್ಬೌದು" ಎಂದಳು.

"ಸಾಧ್ಯವೇ ಇಲ್ಲ" ಎಂದ ಅಪ್ಪ.

"ನಾ ನೋಡ್ದೆ, ಹೇಳ್ದೆ. ಓದೋಳು ಅವಳು. ಅವಳನ್ನ ಕೇಳು."

"ಅವಳಿಗೆ ಎಂತ ಗೊತ್ತಾಗ್ತದೆ?"

"ನಮಗೂ ಹಂಗೇ ಅಂದ್ರು, ಆ ನಕ್ಷೆ ನೋಡಕ್ ಹೋದೋರು. ಕೇಳು."

ಅಪ್ಪ ಕೇಳಲಿಲ್ಲ. ಆ ಅಜ್ಜಿ, ಗ್ಯಾಲರಿಯ ಜನ, ಎಲ್ಲರೂ ಭಾಷೆ ತಿಳಿಯದೆಯೂ ಕಾಯುತ್ತಿದ್ದರು. ಅತ್ತೆಯೇ ನನ್ನ ಕಡೆ ತಿರುಗಿದಳು. "ಸರೋಜಿ, ನೀ ಎಲ್ಲಿ ಕೂರ್ತೀಯ?"

ಅಲ್ಲಿಯತನಕ ನನ್ನನ್ನು ಯಾರೂ ಯಾವುದಕ್ಕೂ ಕೇಳಿರಲಿಲ್ಲ. ಲಂಗದ ಬಣ್ಣವನ್ನೂ ಅಪ್ಪನೇ ಆರಿಸುತ್ತಿದ್ದ. ಸಣ್ಣ ದನಿಯಲ್ಲಿ, "ಎಂಟನೇ ಕ್ಲಾಸಲ್ಲಿ" ಎಂದೆ.

"ಗಟ್ಟಿಯಾಗಿ ಹೇಳು, ನಿನ್ನಪ್ಪಂಗೆ ಕೇಳ್ಲಿ."

"ಎಂಟನೇ ಕ್ಲಾಸಲ್ಲಿ! ನಾಲ್ಕನೇ ಕ್ಲಾಸಲ್ಲಿ ನಾ ಕೂರಲ್ಲ!" ಎಂದು ಕೂಗಿದೆ. ಕೂಗಿದ ಮೇಲೆ ಹೆದರಿಕೆ ಹೋಯಿತು. ಅಪ್ಪ ಸ್ಟೂಲಿನಿಂದ ಎದ್ದು ಬಾಡಿಗೆ ಮಾತಾಡಲು ಕೆಳಗಿಳಿದ.

ಆ ಖೋಲಿಯಲ್ಲಿ ನಾವು ವರ್ಷಗಟ್ಟಲೆ ಇದ್ದೆವು. ಅಮ್ಮ ಜ್ವರದಲ್ಲಿ ನರಳುತ್ತಾ ಮಲಗಿದಾಗ ಆಸ್ಪತ್ರೆಗೆ ಹೊತ್ತವರು ಗ್ಯಾಲರಿಯವರೇ. ಹಾಗಂತ ಎಲ್ಲ ಸುಖವಾಗಿತ್ತೆಂದು ಹೇಳಲಾರೆ. ಮುಂಜಾನೆ ಕೊಡ ಹಿಡಿದು ಸಾಲಿನಲ್ಲಿ ನಿಂತಾಗಲೆಲ್ಲ ಅಮ್ಮ ಅತ್ತಿಗೆಯ ಹೆಸರೆತ್ತಿ ಗೊಣಗುತ್ತಿದ್ದಳು. ನಾನು ಮೆಟ್ರಿಕ್ ಚೆನ್ನಾಗಿಯೇ ಪಾಸು ಮಾಡಿ, ಎಲ್ಲವೂ ಇಂಗ್ಲಿಷಿನಲ್ಲಿದ್ದ ಕಾಲೇಜು ಸೇರಿ, ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಫೇಲಾದ ಆ ಬೇಸಿಗೆಯಲ್ಲಿ ಊರಿಗೆ ಹೋದೆ. ವಾಪಸು ಹೊರಟಾಗ ಅತ್ತೆ ಸಾಗರದ ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ಸೊರಗಿದ್ದಳು, ದನಿ ಮಾತ್ರ ಹಾಗೇ ಇತ್ತು. ನನಗೆ ತಡೆಯಲಾಗಲಿಲ್ಲ. "ಎಲ್ಲ ನಿನ್ನಿಂದಲೇ ಆದದ್ದು ಅತ್ತೆ. ಅವತ್ತು ಇಂಗ್ಲಿಷ್ ಶಾಲೆಗೆ ಹಾಕಿದ್ದರೆ ನಾನು ಫೇಲಾಗ್ತಿರಲಿಲ್ಲ" ಎಂದುಬಿಟ್ಟೆ.

ಅವಳಿಗೆ ಬೇಜಾರಾಗಲಿಲ್ಲ, ಸಿಟ್ಟು ಬಂತು. "ಎಂತ ನನ್ನಿಂದ? ನಾ ಕೇಳ್ದೆ. ಹೇಳ್ದೋಳು ನೀನು. ಇಡೀ ಚಾಳಿಗೆ ಕೇಳೋ ಹಂಗೆ ಕೂಗ್ದೋಳು ನೀನು. ಈಗ ಅದನ್ನ ನನ್ ತಲೆಗೆ ಕಟ್ಬ್ಯಾಡ ಮಾರಾಯ್ತಿ, ನಾ ತಗಳಲ್ಲ. ಇಂಗ್ಲಿಷು ಬರ್ಲಿಲ್ಲ ಅಂದ್ರೆ ಕಲಿ. ಹೋಗು, ಬಸ್ ಹತ್ತು."

ಹತ್ತಿದೆ. ಬಸ್ಸು ಹೊರಟಾಗ ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ನನಗೆ ಕಿಟಕಿಯ ಸೀಟು ಕೊಡಲಿಲ್ಲವೆಂದು ಕಂಡಕ್ಟರನ ಜೊತೆ ಜಗಳಕ್ಕೆ ನಿಂತಿದ್ದಳು. ಆ ಮಳೆಗಾಲದಲ್ಲೇ ತೀರಿಕೊಂಡಳು. ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂತೆ, ಇಂಗ್ಲಿಷಿನಲ್ಲಿ ಪಾಸಾದೆ. ಅದನ್ನು ಅವಳ ಎದುರು ನಿಂತು ಜಂಬದಿಂದ ಹೇಳಬೇಕೆಂದಿದ್ದೆ. ಹೇಳಲು ಅವಳಿರಲಿಲ್ಲ ಎನ್ನುವುದು ನನಗೆ ಇವತ್ತಿಗೂ ಉರಿಯುತ್ತದೆ.

ಅಪ್ಪನಿಗೆ ಈಗ ವಯಸ್ಸಾಗಿದೆ. ಮನೆಗೆ ಬಂದವರಿಗೆಲ್ಲ, "ಬೊಂಬಾಯಿಯಲ್ಲೂ ಮಗಳನ್ನ ಕನ್ನಡ ಶಾಲೆಗೇ ಹಾಕಿದೆ, ಯಾರ ಮಾತೂ ಕೇಳಲಿಲ್ಲ" ಎಂದು ಎದೆಯುಬ್ಬಿಸಿ ಹೇಳುತ್ತಾನೆ. ವಯಸ್ಸಾದವರು ಹೇಳಿಕೊಳ್ಳಲಿ ಬಿಡು ಎಂದು ತಮ್ಮ ಕಣ್ಸನ್ನೆ ಮಾಡುತ್ತಾನೆ. ನಾನು ಬಿಡುವುದಿಲ್ಲ. ಬಂದವರು ಯಾರೇ ಇರಲಿ, ನಡುವೆ ಬಾಯಿ ಹಾಕಿ ಹೇಳುತ್ತೇನೆ: ಆರಿಸಿದ್ದು ನಾನು. ಕೇಳಿದ್ದು ಗುತ್ಯತ್ತೆ. ಅಷ್ಟು ಜನರಲ್ಲಿ ಕೇಳಿದವಳು ಅವಳೊಬ್ಬಳೇ.