ಬೇಕರಿಯ ಮೇಲಿನ ವಕೀಲರು

ಬೆಳಿಗ್ಗೆ ಚಹಾಕ್ಕೆ ನೀರಿಟ್ಟು, ಅತ್ತೆಯ ಮಾತ್ರೆಗಳನ್ನು ತಟ್ಟೆಯ ಪಕ್ಕ ತೆಗೆದಿಟ್ಟು ಬಾಗಿಲು ತೆರೆಯುವಷ್ಟರಲ್ಲಿ ಬೇಕರಿಯವನ ಸ್ಕೂಟರು ಅಂಗಳಕ್ಕೆ ಬಂದಿತ್ತು. ಬಿಸಿ ಬನ್ನಿನ ಪರಿಮಳಕ್ಕೆ ನಿಮಗೆ ಹಸಿವಾಗಬಹುದು. ನನಗೆ ವಕೀಲರ ನೆನಪಾಗುತ್ತದೆ. ನಗಬೇಡಿ. ಉಡುಪಿಯಲ್ಲಿ ನಮ್ಮ ವಕೀಲರ ಕಚೇರಿ ಇರುವುದು ಒಂದು ಬೇಕರಿಯ ಮಾಳಿಗೆಯಲ್ಲಿ. ಇವತ್ತು ಅಲ್ಲಿಗೇ ಹೋಗುವುದಿತ್ತು. “ಕಚೇರಿ ಮುಚ್ಚುತ್ತಿದ್ದೇನೆ, ನಿಮ್ಮ ಕಾಗದಗಳನ್ನು ತೆಗೆದುಕೊಂಡು ಹೋಗಿ” ಎಂದು ನಿನ್ನೆ ಅವರೇ ಫೋನ್ ಮಾಡಿದ್ದರು.

ನಮ್ಮ ವಕೀಲರು ಎಂದೆನಲ್ಲ, ಅವರನ್ನು ನಾವೇನೂ ಹುಡುಕಿ ಆರಿಸಿದ್ದಲ್ಲ. ನಮ್ಮ ಕಟಪಾಡಿಯ ಕಡೆ ದರ್ಜಿ, ಡಾಕ್ಟರು ಇದ್ದ ಹಾಗೆ ವಕೀಲರೂ ಮನೆಗೆ ಅಂಟಿಕೊಂಡೇ ಬರುತ್ತಾರೆ. ಮಾವನ ಉಯಿಲು ಬರೆದವರು ಅವರು. ಮಸ್ಕತ್ತಿನಲ್ಲಿರುವ ಗಂಡ ನನ್ನ ಹೆಸರಿಗೆ ಅಧಿಕಾರಪತ್ರ ಮಾಡಿಸಿದ್ದು, ಹಿಂದಿನ ಕೋಣೆಯ ಬಾಡಿಗೆ ಕರಾರು, ಎಲ್ಲ ಅಲ್ಲೇ. ಕೋರ್ಟಿನಲ್ಲಿ ಅವರು ಗುಡುಗಿದ್ದನ್ನು ನಾನು ಕಂಡಿಲ್ಲ. ಕರಿ ಕೋಟಿನ ತುದಿಯಿಂದ ಕನ್ನಡಕ ಒರೆಸುತ್ತಾ “ಎಂತ ಕತೆ, ಹೇಳಿ” ಎನ್ನುವುದನ್ನು ಮಾತ್ರ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಹೇಳಲು ನನ್ನಲ್ಲಿ ನಿಜವಾಗಿಯೂ ಒಂದು ಕತೆ ಇತ್ತು. ಪಕ್ಕದ ಮನೆಯ ಜಲಜಕ್ಕ, ಊರ ವಾಡಿಕೆಯಂತೆ ಕ್ರಿಶ್ಚಿಯನ್ ಮನೆಯ ನನ್ನನ್ನು ‘ಬಾಯಮ್ಮ’ ಎನ್ನುವವರು, ಕಂಪೌಂಡು ಕಟ್ಟಿಸಲೆಂದು ಕೆಂಪು ಕಲ್ಲು ಇಳಿಸಿದ್ದರು. ನಮ್ಮ ಮನೆಗೆ ಬರುವ ದಾರಿ ಅವರ ಜಾಗದ ಅಂಚಿನಲ್ಲಿ. ಗೋಡೆ ಎದ್ದರೆ ಉಳಿಯುವುದು ಒಬ್ಬರು ನಡೆಯುವಷ್ಟೇ. ಅತ್ತೆಗೆ ಆಗಷ್ಟೇ ಮೊಣಕಾಲಿನ ಆಪರೇಷನ್ ಆಗಿತ್ತು. ರಿಕ್ಷಾ ಮೆಟ್ಟಿಲ ತನಕ ಬಂದರೆ ಅವರಿಗೆ ಮಣಿಪಾಲದ ಆಸ್ಪತ್ರೆ, ಭಾನುವಾರದ ಇಗರ್ಜಿ, ಬಾರದಿದ್ದರೆ ಕಿಟಕಿಯೊಂದೇ. ಜಲಜಕ್ಕನದ್ದೂ ಸಂಕಟವೇ. ರಿಕ್ಷಾದವರು ತಿರುವಿನಲ್ಲಿ ಹಿಂದೆ ಮುಂದೆ ಮಾಡುವಾಗ ಅವರ ಮಲ್ಲಿಗೆ ಗಿಡಗಳು ಚಕ್ರದಡಿಗೆ ಸಿಗುತ್ತಿದ್ದವು. ಅವರ ಮನೆ ನಡೆಯುವುದೇ ಮಲ್ಲಿಗೆಯಿಂದ. ಆದರೆ ಆಗ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಕಲ್ಲು ಮಾತ್ರ.

ಎರಡು ಮನೆಗಳ ನಡುವೆ ಮಾತುಕತೆ ನಿಂತಿತು. ನಾನು ಉಡುಪಿಯ ಬಸ್ಸು ಹತ್ತಿದೆ, ಕಾನ್ವೆಂಟಿನ ಇಂಗ್ಲಿಷಿನಲ್ಲಿ ದಾರಿಯುದ್ದಕ್ಕೂ ಗಂಭೀರ ವಾಕ್ಯಗಳನ್ನು ಜೋಡಿಸಿಕೊಂಡೆ. ಮಾಳಿಗೆ ಹತ್ತಿ ಇದ್ದ ಒಂದೇ ಕುರ್ಚಿಯಲ್ಲಿ ಕುಳಿತೆನೋ ಇಲ್ಲವೋ, ಒಳಗಿನಿಂದ ಜಲಜಕ್ಕ ಹೊರಬಂದರು. ಅವರಿಗೂ ಇವರೇ ವಕೀಲರು ಎಂಬುದು ನನಗೆ ಹೊಳೆದೇ ಇರಲಿಲ್ಲ. ಹಿರಿಯರನ್ನು ಕಂಡರೆ ಎದ್ದು ನಿಲ್ಲಬೇಕೆಂದು ಸಿಸ್ಟರುಗಳು ಕಲಿಸಿದ್ದು ಮೈಗೆ ಎಷ್ಟು ಹತ್ತಿದೆಯೆಂದರೆ, ಅಷ್ಟು ಸಿಟ್ಟಿನಲ್ಲೂ ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವರು ಕುಳಿತರು. ಇಂಗ್ಲಿಷ್ ವಾಕ್ಯಗಳೆಲ್ಲ ಅಲ್ಲೇ ಮರೆತುಹೋದವು.

ವಕೀಲರು ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿದರು.

“ನೀವೂ ಆ ಗೋಡೆಗೇ ಬಂದದ್ದಾ?”

“ಹೌದು ಸರ್.”

“ಹಾಗಾದರೆ ಕೇಳಿ. ಇವರ ಪರವಾಗಿ ನಿಮಗೆ ನೋಟೀಸು ಕಳಿಸುವ ಹಾಗಿಲ್ಲ, ನಿಮ್ಮ ಪರವಾಗಿ ಇವರಿಗೂ ಇಲ್ಲ. ಇಬ್ಬರೂ ನನ್ನ ಕಕ್ಷಿದಾರರು. ಜಗಳವೇ ಬೇಕಾದರೆ ಬೇರೆ ಬೇರೆ ವಕೀಲರನ್ನು ನೋಡಿಕೊಳ್ಳಿ, ಹೆಸರು ನಾನೇ ಕೊಡುತ್ತೇನೆ. ರಾಜಿಯಾದರೆ ಇಬ್ಬರಿಗೂ ಸೇರಿ ಒಂದು ಕರಾರು ಬರೆದುಕೊಡುತ್ತೇನೆ.”

“ಹೊಸಬರಿಗೆ ನಮ್ಮ ಮನೆಯ ವಿಷಯ ಮೊದಲಿಂದ ಹೇಳಬೇಕಾ?” ಜಲಜಕ್ಕ ಕೇಳಿದರು.

“ಮತ್ತೆಂತ? ನನಗೆ ಹೇಳಿದ್ದು, ಹೇಳದೆ ಇಟ್ಟದ್ದು, ಎರಡನ್ನೂ ಹೇಳಬೇಕು.”

ಜಲಜಕ್ಕ ಕೈಚೀಲ ಎತ್ತಿಕೊಂಡು ಮೆಟ್ಟಿಲಿಳಿದರು. ನಮ್ಮ ಮನೆಯಲ್ಲಿ ಹೇಳದೆ ಇಟ್ಟದ್ದನ್ನು ನೆನೆದು ನಾನೂ ಹಿಂದೆಯೇ ಇಳಿದೆ.

ಊರಿಗೆ ಇಬ್ಬರಿಗೂ ಸಿಕ್ಕಿದ್ದು ಒಂದೇ ಬಸ್ಸು. ಕಟಪಾಡಿಯಲ್ಲಿ ಇಳಿದರೆ ಸ್ಟ್ಯಾಂಡಿನಲ್ಲಿದ್ದದ್ದೂ ಒಂದೇ ರಿಕ್ಷಾ. ಇಬ್ಬರ ನಡುವೆ ಕೈಚೀಲಗಳನ್ನು ಇಟ್ಟುಕೊಂಡು ಕುಳಿತೆವು. ತಿರುವಿನಲ್ಲಿ ಕಲ್ಲಿನ ರಾಶಿಯ ಎದುರು ರಿಕ್ಷಾ ನಿಂತಿತು. ಶಬ್ದ ಕೇಳಿ ಅತ್ತೆ ವಾಕರ್ ಹಿಡಿದು ಜಗಲಿಗೆ ಬಂದು, ಸೆರಗು ಸರಿಮಾಡಿಕೊಂಡು ನಿಂತಿದ್ದರು.

“ನಿಮ್ಮ ಅತ್ತೆ ಎಲ್ಲಿಗೆ ಹೊರಟದ್ದು?”

“ಎಲ್ಲಿಗೂ ಇಲ್ಲ ಜಲಜಕ್ಕ. ರಿಕ್ಷಾ ಬಂತೆಂದರೆ ಹೀಗೇ.”

ಅವರು ಇಳಿದು ಗಿಡಗಳ ಬಳಿ ಹೋದರು. ಹಿಂದೆಯೇ ಹೋದ ನಾನು, ಮುರಿದ ಗೆಲ್ಲಿಗೆ ಮಗುವಿನ ಕೈಗೆ ಸುತ್ತಿದ ಹಾಗೆ ಬಟ್ಟೆಯ ಚೂರು ಸುತ್ತಿದ್ದನ್ನು ಕಂಡೆ.

“ಮಳೆ ಬಿದ್ದ ಮೇಲೆ ಈ ಎರಡನ್ನು ಕಿತ್ತು ಆಚೆ ನೆಡಬಹುದು,” ಎಂದರು, ನನಗಲ್ಲ, ಗಿಡಗಳಿಗೆ.

“ರಿಕ್ಷಾ ತಿರುಗಿಸುವುದನ್ನು ಇನ್ನು ನಮ್ಮ ಅಂಗಳದಲ್ಲೇ ಮಾಡಿಸುತ್ತೇನೆ,” ಎಂದೆ. ಅದಕ್ಕಾಗಿ ನನ್ನ ಗುಲಾಬಿ ಕುಂಡಗಳೆಲ್ಲ ಹಿತ್ತಿಲಿಗೆ ಹೋಗಬೇಕಾಯಿತು. ಅಲ್ಲಿ ಅವು ಹೂ ಬಿಡಲೇ ಇಲ್ಲ ಎನ್ನುವುದು ಬೇರೆ ವಿಷಯ. ವಕೀಲರು ಒಂದೇ ಕರಾರು ಬರೆದರು, ಇಬ್ಬರೂ ಸಹಿ ಹಾಕಿದೆವು. ಗೋಡೆ ಎದ್ದಿತು, ತಿರುವಿನಲ್ಲಿ ಮಾತ್ರ ಹೊಟ್ಟೆ ಒಳಗೆಳೆದುಕೊಂಡ ಹಾಗೆ ಬಾಗಿತು. ಇವತ್ತಿಗೂ ರಿಕ್ಷಾ ಮೆಟ್ಟಿಲ ತನಕ ಬರುತ್ತದೆ.

ಇವತ್ತು ಮಧ್ಯಾಹ್ನ ಹೋದಾಗ ಕಚೇರಿಯ ಕಪಾಟುಗಳು ಬರಿದಾಗಿದ್ದವು. ಕಾಗದದ ಕಟ್ಟನ್ನು ತೆಗೆದುಕೊಂಡು, “ಇನ್ನು ನಾವು ಯಾರಲ್ಲಿಗೆ ಹೋಗುವುದು ಸರ್?” ಎಂದೆ.

“ಕಾಪುವಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ. ಮಾತಾಡುವ ವಕೀಲರು ಬೇಕಾದಷ್ಟು ಸಿಗುತ್ತಾರೆ.”

ಸಂಜೆ ಜಲಜಕ್ಕ ಗೋಡೆಯಾಚೆ ಮಲ್ಲಿಗೆಗೆ ನೀರು ಬಿಡುತ್ತಿದ್ದರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ನೀರು ಒಂದೇ ಬುಡಕ್ಕೆ ಬೀಳುತ್ತಿತ್ತು.

“ಕಾಪುವಿನವಳಾ?” ಎಂದು ಪೈಪನ್ನು ಮುಂದಿನ ಗಿಡಕ್ಕೆ ಎಳೆದರು. “ಹೋಗುವಾಗ ನನ್ನನ್ನೂ ಕರೆಯಿರಿ ಬಾಯಮ್ಮ, ಒಟ್ಟಿಗೇ ಹೋಗುವಾ. ನಾನೊಬ್ಬಳೇ ಮೊದಲು ಹೋದರೆ ಅವಳು ನನ್ನ ವಕೀಲೆ ಆಗಿಬಿಡುತ್ತಾಳೆ, ಮತ್ತೆ ನಿಮಗೆ ಆಗುವುದಿಲ್ಲ.”