ಸೋರ್ಸ್ ಮಾವ ಅಕ್ಷರ ದೊಡ್ಡದು ಮಾಡಿದ್ದು

ಅಕ್ಕನ ಮಕ್ಕಳು ಅವನನ್ನು ಸೋರ್ಸ್ ಮಾವ ಎಂದೇ ಕರೆಯುತ್ತಿದ್ದರು. ಅಚ್ಚುಕೂಟವೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಯಾರೋ ಕಟ್ಟಿಟ್ಟ ಸಿದ್ಧ ಸಾಫ್ಟ್‌ವೇರ್ ಪ್ಯಾಕೇಜು ಹಾಕಿಕೊಳ್ಳುವುದೆಂದರೆ ಅವನಿಗೆ ಇನ್ನೊಬ್ಬರ ಬ್ರಷ್ಷಿನಲ್ಲಿ ಹಲ್ಲುಜ್ಜಿದಷ್ಟು ಅಸಹ್ಯ. ಸಾಫ್ಟ್‌ವೇರಿನ ಹಸಿ ಬರಹವಾದ ಸೋರ್ಸ್ ಕೋಡನ್ನೇ ತರಿಸಿ, ಎದುರಿಗೇ ಬೇಯಿಸಿ, ತಾನೇ ಬಡಿಸಬೇಕು. ಬಿಟ್ಟಿದ್ದರೆ ಕುರ್ಚಿಗೂ ಬೀಜ ನೆಟ್ಟು, ಮರ ಬೆಳೆಸಿ, ಆಮೇಲೇ ಕೂರುತ್ತಿದ್ದ.

ಅಕ್ಕ ಅನುವಾದಕಿ. ಆ ದಿನ ಸಂಜೆ ಐದರೊಳಗೆ ಕೊನೆಯ ಅಧ್ಯಾಯ ಪ್ರಕಾಶಕರಿಗೆ ಸೇರದಿದ್ದರೆ ಅಚ್ಚಿನ ಸರದಿ ತಪ್ಪಿ, ಅವಳ ಪುಸ್ತಕ ಮುಂದಿನ ವರ್ಷಕ್ಕೆ. ಕೆಲವೇ ಪುಟ ಬಾಕಿ. ಬೆಳಗ್ಗೆ ಬಂದ ತಮ್ಮನಿಗೆ ಅವಳು ಹೇಳಿದ್ದಿಷ್ಟೇ: "ಅಕ್ಷರ ಸ್ವಲ್ಪ ದೊಡ್ಡದಾಗಿ ಕಾಣೋ ಹಾಗೆ ಮಾಡ್ಕೊಡೋ."

ಅದು ಒಂದು ಗುಂಡಿ ಒತ್ತುವ ಕೆಲಸ. ಆದರೆ ಅವಳು ಬರೆಯಲು ಬಳಸುವ ಎಡಿಟರ್ ಸಾಫ್ಟ್‌ವೇರ್ ಹಳೆಯದೆಂದು ಕಂಡದ್ದೇ ತಡ, ಇವನ ಕೈ ತುರಿಸಿತು. ಜಾಗ ಚೊಕ್ಕವಾಗದೆ ಏನನ್ನೂ ಕಟ್ಟುವವನಲ್ಲವಾದ್ದರಿಂದ ಮೊದಲು ಹಳೆಯದನ್ನು ಬುಡಸಮೇತ ಕಿತ್ತುಹಾಕಿದ.

ಕಟ್ಟಲು ಕೂತರೆ ಯಂತ್ರ ಅದಕ್ಕೆ ಬೇಕಾದ ಲೈಬ್ರರಿ ಎಂಬ ಬಿಡಿಭಾಗವೊಂದು ಇಲ್ಲವೆಂದಿತು. ತಂದ. ಆ ಲೈಬ್ರರಿಗೆ ಇನ್ನೊಂದು ಬೇಕು. ಆ ಇನ್ನೊಂದಕ್ಕೆ ಕೋಡನ್ನು ಬೇಯಿಸುವ ಒಲೆ, ಅಂದರೆ ಕಂಪೈಲರ್, ಹೊಸದು ಬೇಕು. ಕಂಪೈಲರಿಗೆ ಮೊದಲಿನ ಲೈಬ್ರರಿಯೇ ಬೇಕು! ತಪ್ಪು ತೋರಿಸುತ್ತ ಪರದೆಯ ಮೇಲೆ ಇಳಿದ ಕೆಂಪು ಸಾಲುಗಳಿಗೆ ಗೋಡೆಯೇ ಕೆಂಪೇರಿತು. ಒಳಗಿನ ಫ್ಯಾನು ಹೊಡೆದುಕೊಂಡ ರಭಸಕ್ಕೆ ಮೇಜು ಕಿಟಕಿಯವರೆಗೆ ನಡೆದುಹೋಯಿತು.

"ಆಯ್ತೇನೋ?" ಅಕ್ಕ ಕೇಳಿದಳು.

"ಇನ್ನೇನು, ಆಗೋಯ್ತು."

"ಬೆಳಗ್ಗೆಯಿಂದ ಅದೇ ಹಾಡು. ಸಿದ್ಧ ಇರೋದನ್ನೇ ಹಾಕೋ ಮಹರಾಯ!"

ಹಲ್ಲು ಕಚ್ಚಿಕೊಂಡು ಅದನ್ನೂ ಹಾಕಿ ನೋಡಿದ. ಅವನೇ ಕಟ್ಟಿದ್ದ ಅರೆಬೆಂದ ಲೈಬ್ರರಿಗಳು ಬಾಗಿಲಿಗೆ ಅಡ್ಡ ಕೂತು ಅದನ್ನು ಒಳಗೆ ಬಿಡಲಿಲ್ಲ.

ಭಾವ ಇಣುಕಿದ. "ಅಕ್ಷರ ದೊಡ್ಡದಾಗಿದೆ ಬಿಡಪ್ಪ. ಎಷ್ಟು ದೊಡ್ಡದು ಅಂದ್ರೆ, ಪರದೇಲಿ ಹಿಡೀತಾನೇ ಇಲ್ಲ!"

"ನೀವು ಸುಮ್ನಿರಿ ಭಾವ!"

ಮೂರು ಗಂಟೆಯಾಯಿತು. ಅಕ್ಕ ಬರೆದಿದ್ದಷ್ಟನ್ನೂ ಅವನ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡು ಒಂದು ಸಾಲು ಒತ್ತಿದಳು. ದೆವ್ವ ಬಡಿದಂಥ ಅಕ್ಷರಗಳು ಬಂದವು. ಕೀಲಿಗಳ ಜೋಡಣೆಯನ್ನೂ ಅವನು ತನ್ನ ಬೆರಳಿಗೇ ಅಳತೆ ಕೊಟ್ಟು ಕಟ್ಟಿಕೊಂಡಿದ್ದ. ಅದು ಇನ್ನೊಬ್ಬರಿಗೆ ಬಗ್ಗುವಂಥದ್ದಲ್ಲ.

"ಹಾಗಾದ್ರೆ ನೀನೇ ಒತ್ತು," ಎಂದು ಅಕ್ಕ ಮೂಲ ಪುಸ್ತಕ ಬಿಡಿಸಿ ಹೇಳತೊಡಗಿದಳು. "ಅವಳು ಕದ ತೆರೆದಳು, ಆದರೆ ಒಳಗೆ... ಏನೋ ಇಷ್ಟು ನಿಧಾನ?"

"ಅಭ್ಯಾಸ ಇಲ್ಲ ಅಕ್ಕ."

"ವರ್ಷಗಟ್ಟಲೆಯಿಂದ ಎಡಿಟರ್ ಕಟ್ತಿದೀಯಲ್ಲೋ!"

"ಕಟ್ತೀನಿ. ಅದರಲ್ಲಿ ಯಾವತ್ತೂ ಏನೂ ಬರೆದಿಲ್ಲ."

ಅಕ್ಕನಿಗೆ ಬೈಯಲು ಕೂಡ ಪುರುಸೊತ್ತಿರಲಿಲ್ಲ. ಮುಂದಿನ ಸಾಲು ಹೇಳಿದಳು.

ಐದಕ್ಕೆ ತುಸು ಮುಂಚೆ ಅಧ್ಯಾಯ ಹೋಯಿತು. ಕಿಟಕಿಯ ಬಳಿಯ ಮೇಜಿನ ಮೇಲೆ ಅವಳ ಯಂತ್ರ ಇನ್ನೂ ಕೆಂಪು ಉಗುಳುತ್ತಿತ್ತು. ಅವನು ಎದ್ದು ಅತ್ತ ಹೊರಟಾಗ ಅಕ್ಕ ಅಂಗಿ ಹಿಡಿದು ಕೂರಿಸಿದಳು.

"ಎಲ್ಲಿಗೋ? ನಾಳೆಯಿಂದ ತಿದ್ದೋಕೆ ಪ್ರೂಫ್ ಬರತ್ತೆ. ಅದು ಮುಗಿಯೋ ತನಕ ನೀನೇ ನನ್ನ ಬೆರಳು."